‘ಮತ್ತು’ ಎಲ್ಲಿ ಬೇಕು, ಎಲ್ಲಿ ಬೇಡ: ಇಂಗ್ಲಿಷ್, ಮರಾಠಿ, ಕನ್ನಡಗಳ ಜೋಡಣೆಯ ಅವ್ಯಯಗಳು

‘ಸಿದ್ಧರಾಮನು ಶ್ರೀಶೈಲದಿಂದ ಮರಳಿ ಬಂದನು ಮತ್ತು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದನು ಮತ್ತು ಲಿಂಗಗಳನ್ನು ಸ್ಥಾಪಿಸಿದನು ಮತ್ತು ವಚನಗಳನ್ನು ರಚಿಸಿದನು.’

ಐಚ್ಛಿಕ ಕನ್ನಡದ ಉತ್ತರಪತ್ರಿಕೆಗಳಲ್ಲಿ ಇಂಥ ವಾಕ್ಯಗಳು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ವಿಭಕ್ತಿ ಪ್ರತ್ಯಯಗಳು ಸರಿಯಾಗಿವೆ, ಕ್ರಿಯಾಪದಗಳು ಕರ್ತೃವಿಗೆ ಹೊಂದುತ್ತವೆ, ಕಾಗುಣಿತದ ತಪ್ಪೂ ಇಲ್ಲ. ಆದರೂ ವಾಕ್ಯವನ್ನು ಗಟ್ಟಿಯಾಗಿ ಓದಿದೊಡನೆ ಕಿವಿಗೆ ಒಗ್ಗುವುದಿಲ್ಲ. ಇದೇ ವಿದ್ಯಾರ್ಥಿಯ ಅಜ್ಜಿ ಚಪಳಗಾಂವದ ಮನೆಯ ಕಟ್ಟೆಯ ಮೇಲೆ ಕುಳಿತು ಇದೇ ಕಥೆಯನ್ನು ಹೇಳಿದರೆ ಹೀಗೆ ಹೇಳಿಯಾಳು: ‘ಸಿದ್ಧರಾಮ ಶ್ರೀಶೈಲದಿಂದ ಹೊಳ್ಳಿ ಬಂದು, ಕೆರಿ ಕಟ್ಟಿಸಿ, ಲಿಂಗಾ ಸ್ಥಾಪನಾ ಮಾಡಿ, ವಚನಾ ಹೇಳ್ದ.’ ನಾಲ್ಕು ಕ್ರಿಯೆಗಳಿವೆ. ‘ಮತ್ತು’ ಒಂದೂ ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ವಾಕ್ಯರಚನೆ ಪದವಿ ತರಗತಿಯ ಮೊಮ್ಮಗನದಕ್ಕಿಂತ ಹೆಚ್ಚು ಕನ್ನಡವಾಗಿದೆ. ಮೊಮ್ಮಗನಾದರೋ ಪರೀಕ್ಷೆಯ ಹೊತ್ತಿಗೆ ಮನೆಯ ಮಾತನ್ನು ‘ಅಶುದ್ಧ’ವೆಂದು ಬದಿಗಿಟ್ಟು, ಅದರ ಜೊತೆಗೆ ಅದರೊಳಗಿನ ಶುದ್ಧವಾದ ರಚನೆಯನ್ನೂ ಬದಿಗಿಟ್ಟಿದ್ದಾನೆ. ‘ಕೆರಿ’ಯನ್ನು ‘ಕೆರೆ’ ಮಾಡಿದ್ದು ಸರಿ. ‘ಕಟ್ಟಿಸಿ’ಯನ್ನು ‘ಕಟ್ಟಿಸಿದನು ಮತ್ತು’ ಮಾಡಿದ್ದು ಅನವಶ್ಯಕ.

ಅಕ್ಕಲಕೋಟ ತಾಲೂಕಿನ ವಿದ್ಯಾರ್ಥಿ ಏಕಕಾಲಕ್ಕೆ ಮೂರು ವ್ಯಾಕರಣಗಳ ನಡುವೆ ಬದುಕುತ್ತಾನೆ. ಮನೆಯಲ್ಲಿ ಕನ್ನಡ; ಬಸ್ಸಿನಲ್ಲಿ, ಕಚೇರಿಯಲ್ಲಿ, ಸೋಲಾಪುರದ ಪೇಟೆಯಲ್ಲಿ ಮರಾಠಿ; ಪರೀಕ್ಷೆಯ ಒಂದು ಪತ್ರಿಕೆಯಲ್ಲಿ ಇಂಗ್ಲಿಷ್. ಪದಗಳನ್ನೂ ವಾಕ್ಯಗಳನ್ನೂ ಜೋಡಿಸುವ ಪದಕ್ಕೆ ಅವನು ಮೂರು ಹೆಸರುಗಳನ್ನು ಕಲಿತಿರುತ್ತಾನೆ. ಕನ್ನಡ ವ್ಯಾಕರಣದಲ್ಲಿ ಅದು ಸಂಬಂಧಾರ್ಥಕಾವ್ಯಯ, ಮರಾಠಿ ವ್ಯಾಕರಣದಲ್ಲಿ ಉಭಯಾನ್ವಯಿ ಅವ್ಯಯ, ಇಂಗ್ಲಿಷಿನಲ್ಲಿ ಕಂಜಂಕ್ಷನ್. ಮೂರು ಹೆಸರುಗಳ ಹಿಂದೆ ಇರುವುದು ಒಂದೇ ವಸ್ತು ಎಂಬ ತಿಳಿವಳಿಕೆಯಿಂದಲೇ ತೊಂದರೆ ಆರಂಭವಾಗುತ್ತದೆ. ಗಡಿಭಾಗದ ಕನ್ನಡ ಕೆಟ್ಟಿದ್ದರೆ ಅದಕ್ಕೆ ಮರಾಠಿಯೇ ಕಾರಣವೆಂಬ ಮಾತನ್ನೂ ಇಲ್ಲಿನ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಜೋಡಣೆಯ ಅವ್ಯಯಗಳ ಮಟ್ಟಿಗೆ ಈ ಆರೋಪ ಎಷ್ಟು ನಿಜವೆಂಬುದನ್ನು ಸಾವಧಾನವಾಗಿ ಪರಿಶೀಲಿಸುವುದು ಅಗತ್ಯ.

ಇಂಗ್ಲಿಷಿನ ವ್ಯವಸ್ಥೆಯನ್ನು ಮೊದಲು ನೋಡಬಹುದು. ಅಲ್ಲಿ ಕಂಜಂಕ್ಷನ್‌ಗಳಲ್ಲಿ ಎರಡು ಮುಖ್ಯ ವರ್ಗಗಳು. ‘ಆ್ಯಂಡ್’, ‘ಬಟ್’, ‘ಆರ್’ ಮೊದಲಾದವು ಸಮಾನ ಸ್ಥಾನವುಳ್ಳ ಎರಡು ಘಟಕಗಳನ್ನು ಕೂಡಿಸುತ್ತವೆ. ‘ಬಿಕಾಸ್’, ‘ಆಲ್ದೋ’, ‘ಇಫ್’, ‘ವೆನ್’, ‘ದ್ಯಾಟ್’ ಮೊದಲಾದವು ಒಂದು ವಾಕ್ಯವನ್ನು ಇನ್ನೊಂದಕ್ಕೆ ಅಧೀನಗೊಳಿಸುತ್ತವೆ. ಮರಾಠಿ ವ್ಯಾಕರಣಕಾರರು ಇವನ್ನೇ ಪ್ರಧಾನತ್ವಸೂಚಕ, ಗೌಣತ್ವಸೂಚಕ ಎಂದು ಕರೆದಿದ್ದಾರೆ. ಹೆಸರುಗಳು ಅರ್ಥವತ್ತಾಗಿವೆ, ನೆನಪಿನಲ್ಲಿಡುವುದಕ್ಕೂ ಸುಲಭ. ಇಂಗ್ಲಿಷಿನ ಎರಡು ಗುಣಗಳನ್ನು ಇಲ್ಲಿ ವಿಶೇಷವಾಗಿ ಗುರುತಿಸಬೇಕು. ಒಂದನೆಯದು, ‘ಆ್ಯಂಡ್’ ಎಂಬ ಒಂದೇ ಪದ ನಾಮಪದಗಳನ್ನೂ ಕ್ರಿಯಾಪದಗಳನ್ನೂ ಪೂರ್ಣ ವಾಕ್ಯಗಳನ್ನೂ ಭೇದವಿಲ್ಲದೆ ಜೋಡಿಸುತ್ತದೆ. ಎರಡನೆಯದು, ಗೌಣತ್ವಸೂಚಕ ಪದ ತಾನು ಅಧೀನಗೊಳಿಸುವ ವಾಕ್ಯದ ತಲೆಯಲ್ಲಿ ನಿಲ್ಲುತ್ತದೆ. ‘ಬಿಕಾಸ್ ಇಟ್ ರೇನ್ಡ್’ ಎನ್ನುವಲ್ಲಿ ಕಾರಣದ ಸೂಚನೆ ಮೊದಲು, ಮಳೆ ಆಮೇಲೆ. ಕನ್ನಡದಲ್ಲಿ ‘ಮಳೆ ಬಂದುದರಿಂದ’: ಮಳೆ ಮೊದಲು, ಕಾರಣದ ಸೂಚನೆ ಕಟ್ಟಕಡೆಗೆ, ಅದೂ ಬಿಡಿಪದವಾಗಿ ಅಲ್ಲದೆ ಕ್ರಿಯೆಗೆ ಅಂಟಿದ ಪ್ರತ್ಯಯವಾಗಿ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಬೆಸುಗೆಯೂ ಕೊನೆಗೇ ಬೀಳುವುದು ಸಹಜ.

ಕನ್ನಡದಲ್ಲಿ ‘ಆ್ಯಂಡ್’ನ ಕೆಲಸವನ್ನು ಒಂದೇ ಪದ ಮಾಡುವುದಿಲ್ಲ. ನಾಮಪದಗಳನ್ನು ಕೂಡಿಸುವುದಕ್ಕೆ ಒಂದು ಉಪಾಯ, ಕ್ರಿಯೆಗಳನ್ನು ಕೂಡಿಸುವುದಕ್ಕೆ ಮತ್ತೊಂದು.

ನಾಮಪದಗಳ ಉಪಾಯ ‘ಊ’. ಹಳಗನ್ನಡದಲ್ಲಿ ಇದರ ರೂಪ ‘ಉಂ’. ರಾಮನುಂ ಲಕ್ಷ್ಮಣನುಂ, ರಾಮನೂ ಲಕ್ಷ್ಮಣನೂ. ಇಂಗ್ಲಿಷಿನ ‘ಆ್ಯಂಡ್’ ಎರಡು ಹೆಸರುಗಳ ನಡುವೆ ಒಮ್ಮೆ ನಿಂತರೆ ಸಾಕು. ಕನ್ನಡದ ‘ಊ’ ಪ್ರತಿಯೊಂದು ಹೆಸರಿನ ಕೊನೆಗೂ ಬರಬೇಕು. ‘ರಾಮ ಲಕ್ಷ್ಮಣನೂ ಬಂದರು’ ಎಂದು ಒಂದಕ್ಕೆ ಮಾತ್ರ ಹಚ್ಚಿದರೆ ವಾಕ್ಯ ಕುಂಟುತ್ತದೆ. ವಿಭಕ್ತಿ ಪ್ರತ್ಯಯವಿದ್ದರೆ ಅದರ ನಂತರ ‘ಊ’ ಬರುತ್ತದೆ: ‘ಜೋಳವನ್ನೂ ತೊಗರಿಯನ್ನೂ ಬಿತ್ತಿದರು’, ‘ಅಕ್ಕಲಕೋಟಕ್ಕೂ ಸೋಲಾಪುರಕ್ಕೂ ಹೋದರು’. ಕೇಶಿರಾಜನು ಸುಮಾರು 1260ರಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವಿದೆ. ಪಠ್ಯಕ್ಕೆಂದು ಅದನ್ನು ಓದುವ ವಿದ್ಯಾರ್ಥಿಗಳು ತಮ್ಮ ಇಂಗ್ಲಿಷ್ ವ್ಯಾಕರಣದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

‘ಊ’ದ ಶಕ್ತಿ ಇಷ್ಟಕ್ಕೇ ಮುಗಿಯುವುದಿಲ್ಲ. ‘ರಾಮನೂ ಬಂದ’ ಎಂದು ಒಂದೇ ಬಾರಿ ಬಂದರೆ ಅದು ‘ಸಹ’ ಎಂಬ ಅರ್ಥವನ್ನು ಕೊಡುತ್ತದೆ. ‘ಯಾರೂ ಬರಲಿಲ್ಲ’ ಎಂಬಲ್ಲಿ ಪ್ರಶ್ನೆಯ ಪದವನ್ನು ಸರ್ವನಿಷೇಧವನ್ನಾಗಿ ಮಾಡುತ್ತದೆ. ‘ನಾಲ್ವರೂ ಬಂದರು’ ಎಂಬಲ್ಲಿ ಲೆಕ್ಕವನ್ನು ಪೂರ್ಣಗೊಳಿಸುತ್ತದೆ. ‘ಬಂದರೆ’ ಎಂಬುದಕ್ಕೆ ಸೇರಿ ‘ಬಂದರೂ’ ಆದಾಗ ಷರತ್ತನ್ನು ಮುರಿಯುತ್ತದೆ. ಇಂಗ್ಲಿಷಿನಲ್ಲಿ ಇವಕ್ಕೆ ‘ಆ್ಯಂಡ್’, ‘ಆಲ್ಸೋ’, ‘ಎನಿ’, ‘ಆಲ್’, ‘ಈವನ್ ಇಫ್’ ಎಂದು ಬೇರೆ ಬೇರೆ ಪದಗಳು ಬೇಕು. ಸಂಸ್ಕೃತದ ‘ಅಪಿ’ಯ ಬಳಕೆಗೂ ದ್ರಾವಿಡ ಭಾಷೆಗಳ ‘ಉಂ’ ಬಳಕೆಗೂ ಇರುವ ಸಾಮ್ಯವನ್ನು ಭಾಷಾಶಾಸ್ತ್ರಜ್ಞ ಎಂ. ಬಿ. ಎಮೆನೋ ಅವರು 1974ರ ತಮ್ಮ ಲೇಖನದಲ್ಲಿ ಚರ್ಚಿಸಿದ್ದಾರೆ. ಮರಾಠಿಯ ‘ಹೀ’ ಈ ದಾರಿಯಲ್ಲಿ ಅರ್ಧದಷ್ಟು ದೂರ ‘ಊ’ದ ಜೊತೆಗೆ ನಡೆಯುತ್ತದೆ: ‘ರಾಮಹೀ ಆಲಾ’, ‘ಕೋಣೀಹೀ ಆಲೇ ನಾಹೀ’. ಚಪಳಗಾಂವದ ವಿದ್ಯಾರ್ಥಿಗೆ ಇದು ಹೊಸ ಪಾಠವೇ ಅಲ್ಲ, ದಿನವೂ ಆಡುವ ಎರಡು ಮಾತುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡುವುದಷ್ಟೆ.

ಹಾಗಾದರೆ ‘ಮತ್ತು’ ಎಲ್ಲಿಯದು? ಅದು ಹೊರಗಿನ ಪದವಲ್ಲ. ಹಳಗನ್ನಡದ ‘ಮತ್ತಂ’, ‘ಮತ್ತೆ’ ಎಂಬವುಗಳ ಬಳಗಕ್ಕೆ ಸೇರಿದ್ದು. ‘ಇನ್ನೂ’, ‘ಪುನಃ’, ‘ಅದಲ್ಲದೆ’ ಎಂಬುದು ಆ ಬಳಗದ ಅರ್ಥ. ಮನೆಯ ಮಾತಿನ ‘ಮತ್ತ’ ಆ ಅರ್ಥವನ್ನು ಇಂದಿಗೂ ಉಳಿಸಿಕೊಂಡಿದೆ: ‘ಮತ್ತ ಯಾವಾಗ ಬರ್ತಿ?’, ‘ಮತ್ತೇನ ವಿಶೇಷ?’ ಈ ‘ಮತ್ತ’ ಎರಡು ಪದಗಳನ್ನು ಜೋಡಿಸುವುದಿಲ್ಲ. ಒಂದು ಮಾತು ಮುಗಿದ ಮೇಲೆ ಇನ್ನೊಂದನ್ನು ತರುತ್ತದೆ. ಎರಡು ನಾಮಪದಗಳ ನಡುವೆ ಅಚ್ಚುಕಟ್ಟಾಗಿ ಕುಳಿತು ‘ಆ್ಯಂಡ್’ನ ಪೂರ್ಣ ಕೆಲಸವನ್ನು ಹೊತ್ತುಕೊಂಡ ‘ಮತ್ತು’ವಿನ ಇಂದಿನ ಹರಹು ಮುಖ್ಯವಾಗಿ ಬರವಣಿಗೆಯದು, ಅದರಲ್ಲಿಯೂ ಅನುವಾದದ ಬರವಣಿಗೆಯದು. ಪಠ್ಯಪುಸ್ತಕ, ಪ್ರಕಟಣೆ, ಕಾಯಿದೆಗಳು ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಪದಕ್ಕೆ ಪದವನ್ನು ಇಡುವುದು ಅನುವಾದಕನಿಗೆ ಸುಲಭದ ದಾರಿ. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿದವರು ವಿಜ್ಞಾನ, ಭೂಗೋಳಗಳನ್ನು ಬಾಲಭಾರತಿಯ ಕನ್ನಡ ಪುಸ್ತಕಗಳಲ್ಲಿ ಓದಿರುತ್ತಾರೆ. ‘ಗಾಳಿ ಮತ್ತು ನೀರು’, ‘ಬೇರು ಮತ್ತು ಕಾಂಡ’ ಎಂಬ ಪಾಠದ ಭಾಷೆ ಕ್ರಮೇಣ ಎಲ್ಲ ಬರವಣಿಗೆಯ ಭಾಷೆಯಾಗಿಬಿಡುತ್ತದೆ.

ನಾಮಪದಗಳ ನಡುವೆ ‘ಮತ್ತು’ ಬಂದರೆ ದೊಡ್ಡ ಹಾನಿಯಿಲ್ಲವೆಂಬುದನ್ನೂ ಹೇಳಬೇಕು. ಪಟ್ಟಿ ಉದ್ದವಾಗಿದ್ದಾಗ ಪ್ರತಿಯೊಂದಕ್ಕೂ ‘ಊ’ ಹಚ್ಚುವುದು ಭಾರವಾಗುತ್ತದೆ. ಕೊನೆಯ ಎರಡರ ನಡುವೆ ಒಂದು ‘ಮತ್ತು’ ಅನುಕೂಲಕರ. ಜೋಡಣೆಯೊಳಗೆ ಜೋಡಣೆಯಿದ್ದಾಗ ‘ಮತ್ತು’, ‘ಹಾಗೂ’ ಎರಡನ್ನೂ ಬಳಸಿ ಪದರಗಳನ್ನು ತೋರಿಸಬಹುದು: ‘ಕನ್ನಡ ಮತ್ತು ಮರಾಠಿ ವಿಭಾಗಗಳು ಹಾಗೂ ಗ್ರಂಥಾಲಯ’. (‘ಹಾಗೆ’ ಎಂಬುದಕ್ಕೆ ‘ಊ’ ಸೇರಿ ಆದ ಪದವಾದ್ದರಿಂದ ‘ಹಾಗೂ’ ದೀರ್ಘಾಂತವಾಗಿಯೇ ಇರಬೇಕು, ‘ಹಾಗು’ ಎಂಬ ರೂಪ ಎಷ್ಟೇ ರೂಢವಾಗಿದ್ದರೂ ಸಾಧುವಲ್ಲ.)

ಹಾನಿ ಸಂಭವಿಸುವುದು ಕ್ರಿಯೆಗಳ ಜೋಡಣೆಯಲ್ಲಿ. ಕನ್ನಡದಲ್ಲಿ ಒಬ್ಬನೇ ಕರ್ತೃವಿನ ಹಲವು ಕ್ರಿಯೆಗಳು ಬಂದಾಗ ಕೊನೆಯದೊಂದೇ ಪೂರ್ಣ ಕ್ರಿಯಾಪದವಾಗುತ್ತದೆ. ಉಳಿದವು ಕೃದಂತಾವ್ಯಯಗಳಾಗಿ ಅದರ ಮುಂದೆ ಸಾಲುಗಟ್ಟುತ್ತವೆ. ‘ಎದ್ದು, ಮುಖ ತೊಳೆದು, ರೊಟ್ಟಿ ತಿಂದು, ಹೊಲಕ್ಕೆ ಹೋದನು.’ ಇಲ್ಲಿ ಜೋಡಣೆಯೂ ಇದೆ, ಕಾಲಕ್ರಮವೂ ಇದೆ. ಬೇರೆ ಪದದ ಹಂಗಿಲ್ಲ. ಮರಾಠಿಯಲ್ಲಿ ಏನಾಗುತ್ತದೆ? ‘ಉಠೂನ, ತೋಂಡ ಧುಊನ, ಭಾಕರೀ ಖಾಊನ, ಶೇತಾತ ಗೇಲಾ.’ ಪದ ಬೇರೆ, ಹೊಲಿಗೆ ಒಂದೇ. ‘ಊನ’ ಪ್ರತ್ಯಯ ಕನ್ನಡದ ‘ಇ’, ‘ದು’ಗಳ ಕೆಲಸವನ್ನು ಯಥಾವತ್ತಾಗಿ ಮಾಡುತ್ತದೆ. ಭಾರತದ ಬೇರೆ ಬೇರೆ ಕುಲದ ಭಾಷೆಗಳು ಶತಮಾನಗಳ ಸಹವಾಸದಿಂದ ಹಂಚಿಕೊಂಡ ಲಕ್ಷಣಗಳನ್ನು ಎಮೆನೋ ಅವರು 1956ರ ಪ್ರಸಿದ್ಧ ಲೇಖನದಲ್ಲಿ ಎತ್ತಿ ತೋರಿಸಿದಾಗ ಈ ಬಗೆಯ ಕೃದಂತಗಳನ್ನೂ ಅವುಗಳಲ್ಲಿ ಸೇರಿಸಿದ್ದರು. ‘ಬಂದನು ಮತ್ತು ಹೋದನು’ ಎಂಬ ರಚನೆಗೆ ಮರಾಠಿಯನ್ನು ದೂರುವಂತಿಲ್ಲ. ಮರಾಠಿಯ ಅಜ್ಜಿಯೂ ‘ಯೇಊನ ಗೇಲಾ’ ಎನ್ನುವವಳೇ. ಹೊಣೆ ಇಂಗ್ಲಿಷಿನದೂ ಅಲ್ಲ, ಇಂಗ್ಲಿಷನ್ನು ಕನ್ನಡದ ಮೇಲೆ ಪದಕ್ಕೆ ಪದ ಹೊದಿಸಿದ ಅನುವಾದದ ಅಭ್ಯಾಸದ್ದು.

ಕೃದಂತದ ಉಪಾಯಕ್ಕೂ ಮಿತಿಗಳಿವೆ. ಮೊದಲನೆಯ ಮಿತಿ ಕರ್ತೃವಿನದು. ‘ಗುರುಗಳು ಬಂದು ಮಕ್ಕಳು ಎದ್ದು ನಿಂತರು’ ಎಂದು ಬರೆಯಲಾಗದು; ಬಂದವರು ಬೇರೆ, ನಿಂತವರು ಬೇರೆ. ಇಲ್ಲಿ ‘ಗುರುಗಳು ಬಂದಾಗ’ ಅಥವಾ ‘ಬಂದೊಡನೆ’ ಎನ್ನಬೇಕು. ಹಳಗನ್ನಡ ಕಾವ್ಯವನ್ನು ಓದುವವರು ಈ ಭೇದವನ್ನು ಇನ್ನೂ ನಿಚ್ಚಳವಾಗಿ ಕಾಣಬಹುದು. ಕರ್ತೃ ಒಬ್ಬನೇ ಆಗಿದ್ದರೆ ‘ಬಂದು’. ಕರ್ತೃ ಬದಲಾದರೆ ‘ಬರೆ’ ಅಥವಾ ‘ಬರಲ್’. ವ್ಯಾಕರಣಗಳು ಸತಿಸಪ್ತಮಿಯೆಂದು ಕರೆಯುವ ಈ ‘ಎ’ಕಾರವನ್ನು ಗುರುತಿಸಲಾಗದೆ ಪದ್ಯದ ಅನ್ವಯದಲ್ಲಿ ಎಡವುವವರು ಬಹಳ ಮಂದಿ. ‘ಬರೆ’ ಎಂಬುದನ್ನು ಕಂಡೊಡನೆ ಮುಂದಿನ ಕ್ರಿಯೆಗೆ ಬೇರೊಬ್ಬ ಕರ್ತೃವನ್ನು ಹುಡುಕಬೇಕೆಂಬುದು ಒಂದು ಉಪಯುಕ್ತ ಸೂತ್ರ. ಆದರೆ ಒಂದು ಸಂಗತಿ ಇನ್ನೊಂದಕ್ಕೆ ನೇರವಾಗಿ ಕಾರಣವಾದಾಗ ಹೊಸಗನ್ನಡ ಈ ನಿಯಮವನ್ನು ಸಡಿಲಿಸುತ್ತದೆ: ‘ಮಳೆ ಬಂದು ಕೆರೆ ತುಂಬಿತು.’ ಇದರಲ್ಲಿ ಕರ್ತೃ ಎರಡು, ಆದರೂ ಯಾರಿಗೂ ಅಸಹಜವೆನಿಸುವುದಿಲ್ಲ.

ಎರಡನೆಯ ಮಿತಿ ನಿಷೇಧದ್ದು. ‘ಅವನು ಊಟ ಮಾಡಿ ಬರಲಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥ. ಬಂದಿದ್ದಾನೆ, ಆದರೆ ಉಪವಾಸ ಬಂದಿದ್ದಾನೆ ಎಂಬುದು ಒಂದು. ಊಟವಾಯಿತು, ಆದರೆ ಬರಲಿಲ್ಲ ಎಂಬುದು ಇನ್ನೊಂದು. ಕೊನೆಯ ‘ಇಲ್ಲ’ ಯಾವ ಕ್ರಿಯೆಯನ್ನು ಹಿಡಿದುಕೊಂಡಿದೆಯೆಂದು ವಾಕ್ಯವೇ ಹೇಳುವುದಿಲ್ಲ. ಮಾತಿನಲ್ಲಿ ಧ್ವನಿಯ ಏರಿಳಿತ ಅದನ್ನು ಸ್ಪಷ್ಟಪಡಿಸುತ್ತದೆ. ಬರವಣಿಗೆಯಲ್ಲಿ ಆ ನೆರವಿಲ್ಲ. ಇಂಥಲ್ಲಿ ‘ಊಟ ಮಾಡದೆ ಬಂದನು’ ಎಂದೋ ‘ಊಟ ಮಾಡಿದನು, ಆದರೆ ಬರಲಿಲ್ಲ’ ಎಂದೋ ಬಿಡಿಸಿ ಬರೆಯಬೇಕು. ಪರಸ್ಪರ ಕ್ರಮವಿಲ್ಲದ, ಸಮತೂಕದ ಎರಡು ಸಂಗತಿಗಳನ್ನು ಹೇಳುವಾಗಲೂ ಕೃದಂತ ಒಗ್ಗದು. ‘ಅಕ್ಕ ಸೋಲಾಪುರದಲ್ಲಿ ಓದುತ್ತಾಳೆ, ತಂಗಿ ಅಕ್ಕಲಕೋಟದಲ್ಲಿ ಓದುತ್ತಾಳೆ’ ಎಂಬಲ್ಲಿ ಅಲ್ಪವಿರಾಮವೊಂದೇ ಸಾಕು. ಬೇಕೆನಿಸಿದರೆ ‘ಮತ್ತು’ ಇಡಬಹುದು, ಆದರೆ ಅದಿಲ್ಲದೆ ವಾಕ್ಯ ಬಡವಾಗುವುದಿಲ್ಲ.

‘ದ್ಯಾಟ್’ ಎಂಬುದರ ಪ್ರಸಂಗ ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ಅದರ ಸ್ಥಾನದಲ್ಲಿರುವುದು ‘ಎಂದು’. ಇದು ‘ಎನ್’ ಧಾತುವಿನ ಕೃದಂತ. ಅಕ್ಷರಶಃ ‘ಹೇಳಿ’ ಎಂದರ್ಥ. ಮರಾಠಿಯ ‘ಮ್ಹಣೂನ’ ಕೂಡ ‘ಮ್ಹಣಣೇ’ ಎಂಬ ಕ್ರಿಯೆಯ ಕೃದಂತ. ಅಕ್ಷರಶಃ ಅದರ ಅರ್ಥವೂ ‘ಹೇಳಿ’. ಎರಡೂ ಪದಗಳು ಮಾತನ್ನು ಉದ್ಧರಿಸುವುದರಿಂದ ಹೊರಟು ಕಾರಣವನ್ನು ಹೇಳುವಲ್ಲಿಗೆ ತಲುಪಿವೆ. ‘ಪಾಊಸ ಆಲಾ ಮ್ಹಣೂನ ಮೀ ಆಲೋ ನಾಹೀ’, ‘ಮಳೆ ಬಂತೆಂದು ನಾನು ಬರಲಿಲ್ಲ’. ಮಳೆ ಏನನ್ನೂ ಹೇಳಿಲ್ಲ. ಆದರೂ ‘ಹೇಳಿ’ ಎಂಬ ಪದವೇ ಕಾರಣವನ್ನು ಸೂಚಿಸುತ್ತಿದೆ. ‘ಎಂದರೆ’, ‘ಮ್ಹಣಜೇ’ ಎಂಬ ಜೋಡಿಯೂ ಹೀಗೆಯೇ; ಎರಡೂ ‘ಹೇಳು’ ಎಂಬರ್ಥದ ಕ್ರಿಯೆಯಿಂದ ಹುಟ್ಟಿ, ವಿವರಣೆಗೆ ಮುಂಚೆ ಬರುವ ಅವ್ಯಯಗಳಾಗಿವೆ. ಎರಡು ಬೇರೆ ಕುಲದ ಭಾಷೆಗಳು ಒಂದೇ ಧಾತ್ವರ್ಥದಿಂದ ಒಂದೇ ಬಗೆಯ ಅವ್ಯಯಗಳನ್ನು ಕಟ್ಟಿಕೊಂಡಿರುವುದು ಗಡಿನಾಡಿನ ವಿದ್ಯಾರ್ಥಿಗೆ ಆಶ್ಚರ್ಯವೆನಿಸದಿರಬಹುದು, ದಿನವೂ ಎರಡನ್ನೂ ಆಡುತ್ತಾನಲ್ಲ. ಆದರೆ ಆಶ್ಚರ್ಯಪಡಬೇಕಾದ ಸಂಗತಿಯಂತೂ ಹೌದು.

ಇಲ್ಲಿಯೇ ಮನೆಯ ಮಾತಿನ ‘ಕಿ’ ಎದುರಾಗುತ್ತದೆ. ‘ಅಂವಾ ಹೇಳ್ದಾ ಕಿ, ನಾ ನಾಳಿ ಬರ್ತೀನಿ.’ ಇದನ್ನು ಕಂಡಾಗ ಪರೀಕ್ಷಕರು ಕೆಂಪು ಗೆರೆ ಎಳೆಯುತ್ತಾರೆ. ಹಿಂದಿ, ಉರ್ದು, ಮರಾಠಿಗಳಲ್ಲಿ ವ್ಯಾಪಕವಾಗಿರುವ ಈ ಅವ್ಯಯ ಗಡಿಯ ಕನ್ನಡಕ್ಕೂ ಬಂದಿದೆ. ಅದರೊಂದಿಗೆ ವಾಕ್ಯದ ಕ್ರಮವೂ ತಿರುಗಿದೆ: ‘ಬರ್ತೀನಿ ಅಂತ ಹೇಳ್ದ’ ಎಂಬಲ್ಲಿ ಉದ್ಧೃತ ಮಾತು ಮೊದಲು, ‘ಹೇಳ್ದಾ ಕಿ’ ಎಂಬಲ್ಲಿ ಅದು ಕೊನೆಗೆ, ಇಂಗ್ಲಿಷಿನ ‘ದ್ಯಾಟ್’ನಂತೆ. ಬಹುಭಾಷಿಕ ಊರುಗಳಲ್ಲಿ ಇಂಥ ಹೊಂದಾಣಿಕೆ ಅಜ್ಞಾನದಿಂದ ಆಗುವುದಲ್ಲ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ತಲೆಮಾರುಗಳಿಂದ ಕೂಡಿ ಬಾಳಿದ್ದಾರೆ. ಆ ಊರಿನ ಭಾಷೆಗಳನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಭಾಷಾಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಪಾಠವಾಗಿದೆ. ಅಲ್ಲಿನ ಮೂರು ಭಾಷೆಗಳ ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟು ಮಾತ್ರ ಬಹುಮಟ್ಟಿಗೆ ಒಂದಾಗಿದೆಯೆಂದು ಅವರು ತೋರಿಸಿದರು. ಆಡುವವರು ತಮ್ಮ ಭಾಷೆಯನ್ನು ಬಿಟ್ಟುಕೊಟ್ಟಿಲ್ಲ; ಭಾಷೆಯಿಂದ ಭಾಷೆಗೆ ದಾಟುವ ಶ್ರಮವನ್ನು ಕಡಿಮೆ ಮಾಡಿಕೊಂಡಿದ್ದಾರೆ. ಅಕ್ಕಲಕೋಟ ಸೀಮೆಯ ‘ಕಿ’ಯನ್ನೂ ಈ ಬೆಳಕಿನಲ್ಲಿ ನೋಡಬೇಕು.

ಆದರೂ ಪ್ರಬಂಧದಲ್ಲಿ ‘ಕಿ’ ಬರೆಯಬಹುದೇ ಎಂದರೆ, ಬರೆಯಕೂಡದು. ಮಾತಿಗೂ ಗ್ರಾಂಥಿಕ ಬರವಣಿಗೆಗೂ ಬೇರೆ ಬೇರೆ ಮರ್ಯಾದೆಗಳಿವೆ. ಬರವಣಿಗೆಯಲ್ಲಿ ‘ಎಂದು’ ಇದೆ. ಉದ್ಧೃತ ಮಾತು ಬಹಳ ಉದ್ದವಾಗಿ ‘ಎಂದು’ ಬರುವ ಹೊತ್ತಿಗೆ ಓದುಗ ವಾಕ್ಯದ ಆರಂಭವನ್ನೇ ಮರೆಯುವಂತಿದ್ದರೆ ‘ಏನೆಂದರೆ’ ಇದೆ: ‘ಅವನು ಹೇಳಿದುದೇನೆಂದರೆ’. ‘ಕಿ’ ಮಾಡುವ ಕೆಲಸವನ್ನು ಅದು ಕನ್ನಡದ ಸ್ವಂತ ಬಂಡವಾಳದಿಂದಲೇ ಮಾಡುತ್ತದೆ. ಇನ್ನು ಇಂಗ್ಲಿಷಿಗೆ ಹೋಗುವಾಗ ನೆನಪಿಡಬೇಕಾದದ್ದು: ಕನ್ನಡದ ‘ಎಂದು’ ಮಾತನಾಡಿದವನ ‘ನಾನು’ವನ್ನು ಹಾಗೆಯೇ ಉಳಿಸಿಕೊಳ್ಳಬಲ್ಲದು: ‘ನಾನು ಬರುತ್ತೇನೆಂದು ಅವನು ಹೇಳಿದನು.’ ಇಂಗ್ಲಿಷಿನ ‘ದ್ಯಾಟ್’ ಉಳಿಸಿಕೊಳ್ಳದು. ‘ಹೀ ಸೆಡ್ ದ್ಯಾಟ್ ಐ ವಿಲ್ ಕಮ್’ ಎಂದು ಬರೆದರೆ ಬರುವವನು ಹೇಳಿದವನಲ್ಲ, ಬರೆದವನು. ಅಲ್ಲಿ ‘ಐ’ ಇದ್ದುದು ‘ಹೀ’ ಆಗಬೇಕು, ‘ವಿಲ್’ ಇದ್ದುದು ‘ವುಡ್’ ಆಗಬೇಕು. ಕನ್ನಡದ ‘ತಾನು’ ಈ ಗೊಂದಲವನ್ನು ಎಷ್ಟು ಅಂದವಾಗಿ ತಪ್ಪಿಸುತ್ತದೆಯೆಂಬುದನ್ನು ‘ತಾನು ಬರುವೆನೆಂದು ಹೇಳಿದನು’ ಎಂಬ ವಾಕ್ಯದಲ್ಲಿ ನೋಡಬಹುದು.

ವಿರೋಧವನ್ನು ಸೂಚಿಸುವ ಅವ್ಯಯಗಳಲ್ಲಿ ‘ಆದರೆ’ ಮುಖ್ಯವಾದದ್ದು; ಮರಾಠಿಯಲ್ಲಿ ‘ಪಣ’, ‘ಪರಂತು’. ಮರಾಠಿ ವ್ಯಾಕರಣ ಇವನ್ನು ನ್ಯೂನತ್ವಬೋಧಕ ಎನ್ನುತ್ತದೆ: ಮೊದಲ ಮಾತಿನಲ್ಲಿ ಏನೋ ಕೊರತೆಯಿದೆಯೆಂದು ಎರಡನೆಯ ಮಾತು ಸೂಚಿಸುತ್ತದೆ. ಉತ್ತರದ ಕನ್ನಡದಲ್ಲಿ ಈ ಕೆಲಸಕ್ಕೆ ಇನ್ನೊಂದು ಚೆಲುವಾದ ಪದವಿದೆ. ‘ಹೋಗಿದ್ದೆ ಖರೆ, ಸಾಹೇಬ್ರು ಸಿಗಲಿಲ್ಲ.’ ‘ಖರೆ’ ಎಂದರೆ ನಿಜ. ಹೋದದ್ದು ನಿಜವೆಂದು ಒಪ್ಪಿಕೊಳ್ಳುವ ಪದವೇ ಮುಂದೆ ಬರುವ ನಿರಾಶೆಯನ್ನೂ ಸೂಚಿಸುತ್ತದೆ. ಮರಾಠಿಯಲ್ಲಿ ‘ಗೇಲೋ ಖರಾ, ಪಣ ಸಾಹೇಬ ಭೇಟಲೇ ನಾಹೀತ’ ಎಂದು ಸಾಮಾನ್ಯವಾಗಿ ‘ಪಣ’ ಬೇಕಾಗುತ್ತದೆ. ಕನ್ನಡದ ಬಾಯಿಗೆ ‘ಖರೆ’ಯೊಂದೇ ಸಾಕು. ಮರಾಠಿಯೊಂದಿಗೆ ಹಂಚಿಕೊಂಡ ಪದವನ್ನು ಕನ್ನಡ ತನ್ನದೇ ಕೆಲಸಕ್ಕೆ ಹಚ್ಚಿದ ಬಗೆ ಇದು. ಕಥೆ, ನಾಟಕಗಳ ಸಂವಾದದಲ್ಲಿ ವಿದ್ಯಾರ್ಥಿಗಳು ಇದನ್ನು ನಿಸ್ಸಂಕೋಚವಾಗಿ ಬರೆಯಬಹುದು.

‘ಆದರೆ’ಗೆ ‘ಊ’ ಸೇರಿದರೆ ‘ಆದರೂ’; ‘ಬಂದರೆ’ಗೆ ಸೇರಿದರೆ ‘ಬಂದರೂ’. ಮರಾಠಿಯಲ್ಲಿ ‘ಜರ–ತರ’ ಷರತ್ತು. ಕೊನೆ ದೀರ್ಘವಾಗಿ ‘ಜರೀ–ತರೀ’ ಆದರೆ ಷರತ್ತು ಮುರಿಯುತ್ತದೆ. ಎರಡೂ ಭಾಷೆಗಳಲ್ಲಿ ಒಂದು ಸ್ವರದ ಅಂತರ. ಆದರೆ ಮರಾಠಿ ಎರಡೂ ವಾಕ್ಯಗಳ ಮೇಲೆ ಗುರುತು ಹಾಕುತ್ತದೆ, ಕನ್ನಡ ಮೊದಲ ವಾಕ್ಯದ ಕೊನೆಯಲ್ಲಿ ಮಾತ್ರ, ಇಂಗ್ಲಿಷ್ ಅಧೀನ ವಾಕ್ಯದ ತಲೆಯಲ್ಲಿ ಮಾತ್ರ. ‘ಜರೀ ಪಾಊಸ ಆಲಾ ತರೀ ಆಮ್ಹೀ ಗೇಲೋ’. ‘ಮಳೆ ಬಂದರೂ ನಾವು ಹೋದೆವು’. ‘ಆಲ್ದೋ ಇಟ್ ರೇನ್ಡ್, ವಿ ವೆಂಟ್’. ಇಲ್ಲಿನ ವಿದ್ಯಾರ್ಥಿಗಳು ಇಂಗ್ಲಿಷ್ ಪತ್ರಿಕೆಯಲ್ಲಿ ‘ಆಲ್ದೋ ಇಟ್ ರೇನ್ಡ್, ಬಟ್ ವಿ ವೆಂಟ್’ ಎಂದು ಬರೆಯುವುದಕ್ಕೆ ‘ಜರೀ–ತರೀ’ಯ ಜೋಡಿ ಕಿವಿಯಲ್ಲಿರುವುದೂ ಒಂದು ಕಾರಣ. ಇದೊಂದರಲ್ಲಿ ಮರಾಠಿಯ ಮೇಲಿನ ಆರೋಪಕ್ಕೆ ಸ್ವಲ್ಪ ಆಧಾರವಿದೆ, ಆದರೆ ಕೆಟ್ಟಿರುವುದು ಕನ್ನಡವಲ್ಲ, ಇಂಗ್ಲಿಷ್. ಇಂಗ್ಲಿಷಿನಲ್ಲಿ ಎರಡು ವಾಕ್ಯಗಳಿಗೆ ಒಂದು ಬೆಸುಗೆ ಸಾಕು. ‘ಆಲ್ದೋ’ ಬಂದರೆ ‘ಬಟ್’ ಬೇಡ. ‘ಬಿಕಾಸ್’ ಬಂದರೆ ‘ಸೋ’ ಬೇಡ. ‘ಆಲ್ದೋ–ಯೆಟ್’ ಎಂಬ ಜೋಡಿ ಹಳೆಯ ಇಂಗ್ಲಿಷ್ ಗದ್ಯದಲ್ಲಿ ಸಿಗುವುದರಿಂದ ಅದನ್ನು ತಪ್ಪೆನ್ನಲಾಗದು. ಅಲ್ಲಿ ‘ಯೆಟ್’ ಕ್ರಿಯಾವಿಶೇಷಣದಂತೆ ನಿಲ್ಲುತ್ತದೆ.

‘ಏಕೆಂದರೆ’ಯ ವಿಷಯ ಚಿಕ್ಕದು. ‘ಏಕೆ ಎಂದರೆ’ ಎಂದು ಬಿಡಿಸಿದರೆ ಅದರ ಸ್ಥಾನ ತಾನಾಗಿ ಗೊತ್ತಾಗುತ್ತದೆ: ಮೊದಲು ಸಂಗತಿ, ಆಮೇಲೆ ‘ಏಕೆ’ ಎಂಬ ಕೇಳದ ಪ್ರಶ್ನೆ, ಅನಂತರ ಉತ್ತರ. ಇಂಗ್ಲಿಷಿನ ‘ಬಿಕಾಸ್’ ವಾಕ್ಯದ ಆದಿಯಲ್ಲಿ ನಿಲ್ಲಬಲ್ಲದೆಂದು ‘ಏಕೆಂದರೆ ಮಳೆ ಬಂತು, ನಾನು ಬರಲಿಲ್ಲ’ ಎಂದು ಬರೆದರೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದಂತಾಗುತ್ತದೆ.

ವಿಕಲ್ಪಾರ್ಥಕಗಳ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂ­ದರೆ ಇಲ್ಲಿ ಜನರ ದಿನನಿತ್ಯದ ಬದುಕು ಸಿಕ್ಕಿಕೊಂಡಿದೆ. ಒಂದು ಕಚೇರಿಯ ಬಾಗಿಲಲ್ಲಿ ಹೀಗೊಂದು ಪ್ರಕಟಣೆ ಇದೆಯೆಂದು ಭಾವಿಸಬಹುದು: ‘ಅರ್ಜಿದಾರರು ಗುರುತಿನ ಚೀಟಿ ಮತ್ತು ಪಡಿತರ ಚೀಟಿ ಅಥವಾ ವಿದ್ಯುತ್ ಬಿಲ್ಲು ತರಬೇಕು.’ ವಿದ್ಯುತ್ ಬಿಲ್ಲೊಂದನ್ನೇ ತಂದ ರೈತನನ್ನು ಒಳಗೆ ಬಿಡಬೇಕೋ ಮರಳಿ ಕಳಿಸಬೇಕೋ? ‘ಅಥವಾ’ದ ಒಂದು ಬದಿಗೆ ಎರಡು ಚೀಟಿಗಳನ್ನೂ ಇನ್ನೊಂದು ಬದಿಗೆ ಬಿಲ್ಲನ್ನೂ ಇಟ್ಟು ಓದಿದರೆ ಅವನು ತಂದದ್ದು ಸಾಕು. ಗುರುತಿನ ಚೀಟಿಯನ್ನು ಬೇರೆಯಾಗಿ ಇಟ್ಟು ಓದಿದರೆ ಸಾಲದು. ಊರಿನಿಂದ ಬಸ್ಸು ಹಿಡಿದು ಒಂದು ದಿನದ ಕೂಲಿಯನ್ನು ಕಳೆದುಕೊಂಡು ಬಂದವನ ಪಾಲಿಗೆ ಇದು ವ್ಯಾಕರಣದ ಚರ್ಚೆಯಲ್ಲ. ಇಂಗ್ಲಿಷ್ ಕರಡಿನಲ್ಲಿ ‘ಆ್ಯಂಡ್’, ‘ಆರ್’ ಒಂದರ ಹಿಂದೆ ಒಂದು ಬಂದುದನ್ನು ಹಾಗೆಯೇ ಕನ್ನಡಿಸಿದರೆ ಸಂದಿಗ್ಧವೂ ಹಾಗೆಯೇ ಕನ್ನಡಕ್ಕೆ ಬರುತ್ತದೆ. ‘ಊ’ ಬಳಸಿದರೆ ಅದು ತಪ್ಪುತ್ತದೆ: ‘ಗುರುತಿನ ಚೀಟಿಯನ್ನೂ, ಪಡಿತರ ಚೀಟಿ ಇಲ್ಲವೆ ವಿದ್ಯುತ್ ಬಿಲ್ಲು ಇವೆರಡರಲ್ಲಿ ಒಂದನ್ನೂ ತರಬೇಕು.’ ವಾಕ್ಯ ಕೊಂಚ ಉದ್ದವಾಯಿತು. ಎರಡು ‘ಊ’ಗಳು ಎರಡು ಕಂಬಗಳಂತೆ ನಿಂತು, ತರಬೇಕಾದವು ಎರಡೇ ಎಂದು ಸಾರುತ್ತವೆ. ಐಚ್ಛಿಕ ಕನ್ನಡ ಓದಿದವರು ಮುಂದೆ ಅನುವಾದಕರಾಗಿ, ಶಿಕ್ಷಕರಾಗಿ, ಪತ್ರಿಕೆಗಳಲ್ಲಿ ಕೆಲಸ ಮಾಡುವರು. ಇಂಥ ಪ್ರಕಟಣೆಗಳನ್ನು ಬರೆಯುವವರು ಅವರೇ.

ಎರಡೂ ಇಲ್ಲವೆನ್ನುವ ಇಂಗ್ಲಿಷಿನ ‘ನೀದರ್–ನಾರ್’ ಜೋಡಿಗೆ ಕನ್ನಡದಲ್ಲಿ ಬೇರೆ ಪದವೇ ಬೇಡ. ‘ಅಣ್ಣನೂ ಬರಲಿಲ್ಲ, ತಮ್ಮನೂ ಬರಲಿಲ್ಲ’ ಅಥವಾ ‘ಅಣ್ಣನಾಗಲಿ ತಮ್ಮನಾಗಲಿ ಬರಲಿಲ್ಲ’. ಆದರೆ ‘ಅಣ್ಣ ಅಥವಾ ತಮ್ಮ ಬರಲಿಲ್ಲ’ ಎಂದರೆ ಇಬ್ಬರಲ್ಲಿ ಯಾರೋ ಒಬ್ಬನು ಬರಲಿಲ್ಲವೆಂಬ ಅರ್ಥವೂ ಇಣುಕುತ್ತದೆ.

ಕನ್ನಡ ವ್ಯಾಕರಣವನ್ನು ಕನ್ನಡದ ರಚನೆಯಿಂದಲೇ ಕಟ್ಟಬೇಕೆಂದು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ವಾದಿಸಿದ್ದಾರೆ. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಜೋಡಣೆಯ ಈ ಅಧ್ಯಾಯದಲ್ಲಿ ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. ಹಾಗೆಂದು ಇನ್ನೊಂದು ಭಾಷೆಯ ನೆರೆ ಕನ್ನಡಕ್ಕೆ ಹಾನಿಯೆಂದು ತಿಳಿಯಬೇಕಾಗಿಲ್ಲ. ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಕಲಿಸಿದ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮರಾಠಿಯಲ್ಲಿಯೂ ಅವರು ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಜಯದೇವಿತಾಯಿ ಲಿಗಾಡೆಯವರು ಸೋಲಾಪುರದಲ್ಲಿ, ಮರಾಠಿಯ ನಡುವೆ ಬೆಳೆದು, ಸಿದ್ಧರಾಮನ ಚರಿತೆಯನ್ನು ಕನ್ನಡದ ತ್ರಿಪದಿಯಲ್ಲಿ ರಚಿಸಿದರು. ತ್ರಿಪದಿಯಂಥ ಕಿರಿದಾದ ಬಂಧದಲ್ಲಿ ಕಥೆ ಸಾಗಬೇಕಾದರೆ ಕೃದಂತಗಳ ನೆರವಿಲ್ಲದೆ ಆಗದು. ಆ ಗ್ರಂಥದ ಯಾವುದಾದರೂ ಒಂದು ಪುಟವನ್ನು ತೆರೆದು, ಅದರಲ್ಲಿ ಕೃದಂತಗಳೆಷ್ಟು, ‘ಊ’ ಎಷ್ಟು, ‘ಮತ್ತು’ ಎಷ್ಟು ಎಂದು ವಿದ್ಯಾರ್ಥಿಗಳು ಎಣಿಸಿ ನೋಡಬೇಕು. ಅನಂತರ ತಮ್ಮದೇ ಹಿಂದಿನ ಉತ್ತರಪತ್ರಿಕೆಯ ಒಂದು ಪುಟವನ್ನೂ ಹಾಗೆಯೇ ಎಣಿಸಬೇಕು.

ಅಭ್ಯಾಸಕ್ಕಾಗಿ ಕೆಲವು ವಾಕ್ಯಗಳು. ‘ಅವಳು ಬಾಗಿಲು ತೆರೆದಳು ಮತ್ತು ಒಳಗೆ ಬಂದಳು ಮತ್ತು ದೀಪ ಹಚ್ಚಿದಳು’ ಎಂಬುದನ್ನು ‘ಮತ್ತು’ ಇಲ್ಲದೆ ಬರೆಯಿರಿ. ‘ಬಸ್ಸು ಬಂದಿತು ಮತ್ತು ಜನರು ಓಡಿದರು’ ಎಂಬುದನ್ನೂ ಹಾಗೆಯೇ ಬರೆಯಿರಿ. ಇಲ್ಲಿ ‘ಬಂದು’ ಎಂಬ ರೂಪ ಏಕೆ ಹೊಂದುವುದಿಲ್ಲವೆಂಬುದಕ್ಕೆ ಕಾರಣ ಕೊಡಿ, ಹಳಗನ್ನಡದಲ್ಲಿ ಯಾವ ರೂಪ ಬರುತ್ತಿತ್ತೆಂಬುದನ್ನೂ ಸೂಚಿಸಿ. ‘ಅವನು ಹಣ ಕೊಟ್ಟು ಪುಸ್ತಕ ತರಲಿಲ್ಲ’ ಎಂಬುದರ ಎರಡು ಅರ್ಥಗಳನ್ನು ಬಿಡಿಸಿ, ಒಂದೊಂದಕ್ಕೂ ಸಂದೇಹವಿಲ್ಲದ ಒಂದೊಂದು ವಾಕ್ಯವನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ರಚಿಸಿ. ಕೊನೆಯದಾಗಿ, ಮನೆಯಲ್ಲಿ ಹಿರಿಯರು ಹೇಳುವ ಒಂದು ಚಿಕ್ಕ ಕಥೆಯನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಶಬ್ದರೂಪಗಳನ್ನು ಮಾತ್ರ ಗ್ರಾಂಥಿಕಕ್ಕೆ ತಿದ್ದಿ, ಜೋಡಣೆಯನ್ನು ಮುಟ್ಟದೆ, ಮುಂದಿನ ತರಗತಿಗೆ ತನ್ನಿರಿ.